ತಂತಿಯ ಮೈಮೇಲಣ ಅಕ್ಷರಗಳು

ಅಮರಕೋಶದಲ್ಲಿ ಅಗ್ನಿಗೆ ಹೇಳಿರುವ ಹೆಸರುಗಳು ೩೦ಕ್ಕೆ ಮೇಲ್ಪಟ್ಟಿವೆ. ಅವನ್ನು ಬಾಲಕರ ಬಾಯಲ್ಲಿ ನೆಲೆಗೊಳಿಸುವ ಕಾರ್ಯದಲ್ಲಿ ನಮ್ಮ ಆಯುಸ್ಸಿನ ದೊಡ್ಡದೊಂದು ಭಾಗವು ಕಳೆದುಹೋಗಿದೆ. ವಹ್ನಿ, ಪಾವಕ, ಅನಲ ಎಂಬಿವು ಕನ್ನಡದ ಓದುಗರಿಗೆಲ್ಲ ಪರಿಚಿತವಾದುವೇ ಸರಿ. ಆದರೆ ಆ ಪಟ್ಟಿಯ ನಡುವೆ ಯಾರೂ ಅಷ್ಟಾಗಿ ಲಕ್ಷ್ಯವಿಡದ ಎರಡು ಹೆಸರುಗಳು ಅಡಗಿವೆ. ಒಂದು ಆಶ್ರಯಾಶ, ತನಗೆ ನೆಲೆಗೊಟ್ಟುದನ್ನೇ ತಿಂದುಬಿಡುವವನು ಎಂದು ಅದರ ಅರ್ಥ. ಇನ್ನೊಂದು ಕೃಷ್ಣವರ್ತ್ಮ, ನಡೆದ ದಾರಿಯನ್ನು ಕಪ್ಪುಮಾಡಿ ಹೋಗುವವನು. ಪೂರ್ವಿಕರು ಒಲೆಯನ್ನೂ ಹೋಮಕುಂಡವನ್ನೂ ಕಾಳ್ಗಿಚ್ಚನ್ನೂ ಕಂಡು ಈ ಹೆಸರುಗಳನ್ನಿಟ್ಟರು. ಗೋಡೆಯೊಳಗೆ ಹುದುಗಿ ಹರಿಯುವ ವಿದ್ಯುತ್ತಿನ ತಂತಿಯನ್ನು ಅವರು ಕಂಡವರಲ್ಲ. ಆದರೂ ಆ ತಂತಿಗೆ ಬೆಂಕಿ ಹತ್ತಿದಾಗ ನಡೆಯುವುದನ್ನು ಹೇಳುವುದಕ್ಕೆ ಈ ಎರಡು ಹೆಸರುಗಳಿಗಿಂತ ತಕ್ಕ ಮಾತುಗಳು ನಮಗೆ ದೊರೆತಿಲ್ಲ.

ಸಂಸ್ಕೃತದ ಉಪಾಧ್ಯಾಯರಿಗೆ ತಂತಿಯ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ಕೇಳತಕ್ಕ ಮಾತೇ ಅಹುದು. ಆದರೆ ಅವರು ಒಮ್ಮೆ ತಮ್ಮ ಮನೆಯಲ್ಲಿರುವ ತಂತಿಗಳನ್ನು ಎಣಿಸಿ ನೋಡಬೇಕೆಂದು ನಮ್ಮ ಬಿನ್ನಹ. ದೀಪಕ್ಕೆ, ಪಂಕಕ್ಕೆ, ರುಬ್ಬುವ ಯಂತ್ರಕ್ಕೆ, ನೀರು ಕಾಯಿಸುವ ಪಾತ್ರೆಗೆ ಒಂದೊಂದು. ಇವಲ್ಲದೆ ದೂರದರ್ಶನಕ್ಕೆ, ದೂರವಾಣಿಗೆ, ಇಂಟರ್ನೆಟ್ಟಿಗೆ, ಬಾಗಿಲ ಗಂಟೆಗೆ, ಈಚೆಗೆ ಹೊಸ್ತಿಲ ಮೇಲಿಂದ ನಮ್ಮನ್ನು ನೋಡುವ ಕ್ಯಾಮೆರಾಕ್ಕೆ. ಇವೆಲ್ಲವನ್ನೂ ಇಂಜಿನಿಯರುಗಳು ಕಡಮೆ ವೋಲ್ಟೇಜಿನ ತಂತಿಗಳೆಂದು ಕರೆಯುತ್ತಾರೆ. ಅವರ ಲೆಕ್ಕದಲ್ಲಿ ಸಾವಿರ ವೋಲ್ಟಿನವರೆಗೆ ಕಡಮೆಯೇ. ಆದುದರಿಂದ ಮನುಷ್ಯನನ್ನು ಕೊಲ್ಲಬಲ್ಲ ೨೩೦ ವೋಲ್ಟೂ ಅವರಿಗೆ ಕಡಮೆ. ಗಂಟೆಯ ತಂತಿ, ಕ್ಯಾಮೆರಾದ ತಂತಿಗಳಂತೂ ಅದಕ್ಕಿಂತಲೂ ಬಹಳ ಕೆಳಗಿನವು. ಈ ‘ಕಡಮೆ’ ಎಂಬ ಶಬ್ದವು ಗೃಹಸ್ಥರನ್ನು ಮೋಸಗೊಳಿಸುತ್ತದೆ. ಕಡಮೆಯಾದುದು ವಿದ್ಯುತ್ತಿನ ಒತ್ತಡವೇ ಹೊರತು ತಂತಿಯ ಮೇಲಣ ಹೊದಿಕೆಯ ಉರಿಯುವ ಗುಣವಲ್ಲ.

ನಮಗೆ ಈ ವಿಷಯದ ಪರಿಚಯವಾದುದು ಒಂದು ಪ್ರೌಢಶಾಲೆಯ ದೆಸೆಯಿಂದ. ಆ ಶಾಲೆಯವರು ಹಳೆಯ ಕಟ್ಟಡದ ಮೇಲೆ ಒಂದು ಅಂತಸ್ತನ್ನು ಕಟ್ಟಿಸಿ ಅಲ್ಲಿ ಗಣಕಯಂತ್ರಗಳ ಕೊಠಡಿಯನ್ನು ಮಾಡಬೇಕೆಂದು ನಿಶ್ಚಯಿಸಿ, ಹಳೆಯ ವಿದ್ಯಾರ್ಥಿಗಳಿಂದ ಹಣವನ್ನು ಕೂಡಿಸಿ, ಕಟ್ಟಡದ ಸಮಿತಿಯೊಂದನ್ನು ನೇಮಿಸಿದರು. ನಿವೃತ್ತರಾಗಿ ಮನೆಯಲ್ಲಿ ಕುಳಿತಿದ್ದ ನಮ್ಮನ್ನೂ ಅದಕ್ಕೆ ಸೇರಿಸಿಕೊಂಡರು; ನಡವಳಿಯ ಪುಸ್ತಕದ ಕಾಗುಣಿತವನ್ನು ತಿದ್ದುವುದಕ್ಕಾಗಿ ಇದ್ದರೂ ಇರಬಹುದು. ಮೇಲಿನ ಕೊಠಡಿಯಲ್ಲಿ ಏಕಕಾಲಕ್ಕೆ ೪೦ ಮಕ್ಕಳು ಕೂರತಕ್ಕದ್ದು. ಅಲ್ಲಿಂದ ಇಳಿಯುವುದಕ್ಕೆ ಇರುವ ಮೆಟ್ಟಿಲು ಒಂದೇ. ಕಿಟಕಿಗಳಿಗೆ ಯಂತ್ರಗಳ ಕಳವಿನ ಭಯದಿಂದ ಕಬ್ಬಿಣದ ಸರಳು. ತಂತಿಗಳು ಕಾಣಬಾರದೆಂದು ಸೂರಿನ ಕೆಳಗೆ ಇನ್ನೊಂದು ತೆಳುವಾದ ಹುಸಿಸೂರು. ಇವೆಲ್ಲವೂ ನಕ್ಷೆಯಲ್ಲಿ ಬಹಳ ಅಂದವಾಗಿಯೇ ಇದ್ದುವು.

ತಂತಿಯ ಕೆಲಸವನ್ನು ವಹಿಸಿಕೊಂಡ ಗುತ್ತಿಗೆದಾರರು ತಮ್ಮ ಪಟ್ಟಿಯಲ್ಲಿ ‘ಫೈರ್‌ಪ್ರೂಫ್ ವೈರು’ ಎಂದು ಬರೆದಿದ್ದರು. ಹಾಗೆಂದರೇನೆಂದು ನಾವು ಕೇಳಿದೆವು. “ಸ್ವಾಮಿ, ಇದು ಸುಡುವುದೇ ಇಲ್ಲ” ಎಂದು ಅವರು ಒಂದು ಗೇಣು ತಂತಿಯನ್ನು ತೆಗೆದು ಅದರ ತುದಿಗೆ ಬೆಂಕಿಕಡ್ಡಿಯನ್ನು ಹಿಡಿದರು. ಹೊದಿಕೆಯು ಕರಗಿ ಹೊತ್ತಿಕೊಂಡಿತು; ಕಡ್ಡಿಯನ್ನು ತೆಗೆದೊಡನೆಯೇ ನಂದಿತು. ಸಮಿತಿಯವರೆಲ್ಲರೂ ತಲೆದೂಗಿದರು. ನಾವೂ ತಲೆದೂಗುತ್ತಿದ್ದೆವೇನೋ, ಆದರೆ ಅಕ್ಷರವನ್ನು ಕಂಡಲ್ಲಿ ಓದುವುದು ನಮಗೆ ಜನ್ಮಕ್ಕಂಟಿದ ಚಾಳಿ. ತಂತಿಯ ಮೈಮೇಲೆ ಸಾಸಿವೆಯಷ್ಟು ಸಣ್ಣ ಅಕ್ಷರಗಳು ಅಚ್ಚಾಗಿದ್ದುವು: ‘ಎಫ್.ಆರ್.’ ಪಕ್ಕದಲ್ಲಿಯೇ ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸುವುದಕ್ಕಾಗಿ ತಂದ ಇನ್ನೊಂದು ಕರಿಯ ಕೇಬಲ್ಲಿನ ಸುರುಳಿಯಿತ್ತು. ಬೀದಿಯ ಕಂಬಗಳಿಗೆ ಕಟ್ಟಿ ಉಳಿದುದು, ಅಗ್ಗವಾಗಿ ದೊರೆಯಿತೆಂದು ಅವರೇ ಹೇಳಿದರು. ಅದರ ಮೇಲೆ ಮೀಟರಿನ ಲೆಕ್ಕವಿತ್ತು, ಬೆಂಕಿಯ ವಿಷಯವಾಗಿ ಒಂದಕ್ಷರವೂ ಇರಲಿಲ್ಲ. ಇದೇಕೆ ಹೀಗೆಂದರೆ, “ಇದರಲ್ಲಿ ಕರೆಂಟೇ ಇಲ್ಲವಲ್ಲ ಸ್ವಾಮಿ, ಬೆಂಕಿ ಎಲ್ಲಿಂದ ಬರಬೇಕು?” ಎಂದು ನಕ್ಕರು. ಉಳಿದವರೂ ನಕ್ಕರು.

ಆ ಪ್ರಶ್ನೆಯನ್ನು ನಾವು ಮನೆಗೆ ತಂದೆವು. ತರ್ಕಶಾಸ್ತ್ರವನ್ನು ಓದಿದವರೆಲ್ಲರೂ ಮೊದಲ ಪಾಠದಲ್ಲಿಯೇ ಒಂದು ಬೆಟ್ಟವನ್ನೂ ಅದರ ಮೇಲಣ ಹೊಗೆಯನ್ನೂ ಕಾಣುತ್ತಾರೆ. ಹೊಗೆಯಿದೆ, ಆದುದರಿಂದ ಬೆಂಕಿಯಿದೆ ಎಂಬ ಅನುಮಾನವು ಸರಿಯಾದುದು. ಇದನ್ನೇ ತಿರುಗಿಸಿ, ಬೆಂಕಿಯಿದೆ, ಆದುದರಿಂದ ಹೊಗೆಯಿದೆ ಎಂದರೆ ತಪ್ಪಾಗುತ್ತದೆ. ಏಕೆಂದರೆ ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಉಂಡೆಯಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹಾಗಾದರೆ ಹೊಗೆಗೆ ಕಾರಣವೇನು? ಬೆಂಕಿಯೊಡನೆ ಹಸಿಯ ಸೌದೆಯೂ ಕೂಡಿರಬೇಕು ಎಂದು ತಾರ್ಕಿಕರು ಉತ್ತರ ಕೊಟ್ಟರು. ಇದಕ್ಕೆ ಉಪಾಧಿಯೆಂದು ಹೆಸರಿಟ್ಟರು. ನಮ್ಮ ಗುರುಗಳು ಈ ಭಾಗವನ್ನು ಪಾಠ ಹೇಳುವಾಗ ನಮಗೆ ತೂಕಡಿಕೆ ಬರುತ್ತಿತ್ತು. ಆದರೆ ಗುತ್ತಿಗೆದಾರರ ಪ್ರಶ್ನೆಗೆ ಉತ್ತರವಿದ್ದುದು ಇಲ್ಲಿಯೇ. ಕರಿಯ ಕೇಬಲ್ಲಿನಲ್ಲಿ ಬೆಂಕಿಯು ಹುಟ್ಟಬೇಕಾಗಿಲ್ಲ. ಅದು ಬೇರೆಲ್ಲಿಯೋ ಹುಟ್ಟಿ ಅತಿಥಿಯಾಗಿ ಬಂದರೆ ಸಾಕು. ಆಗ ಈ ಕೇಬಲ್ಲು ತಂತಿಯೆಂಬ ಹೆಸರನ್ನು ಬಿಟ್ಟು ಸೌದೆಯಾಗುತ್ತದೆ. ತಂತಿಗೆ ಕೊಡುವ ಅಗ್ನಿಯ ದರ್ಜೆಗಳೆಲ್ಲವೂ ಒಳಗೆ ಹರಿಯುವ ವಿದ್ಯುತ್ತನ್ನು ಕುರಿತವಲ್ಲ, ಹೊರಗಿನ ಈ ಸೌದೆಯನ್ನು ಕುರಿತವು.

ಸೌದೆಯ ಜಾತಿಯನ್ನು ಸ್ವಲ್ಪ ನೋಡೋಣ. ಮನೆಯ ತಂತಿಗಳಿಗೆ ಸಾಮಾನ್ಯವಾಗಿ ಹೊದಿಸುವುದು ಪಿ.ವಿ.ಸಿ. ಎಂಬ ಪದಾರ್ಥ. ಶುದ್ಧವಾದ ಪಿ.ವಿ.ಸಿ.ಯ ತೂಕದಲ್ಲಿ ನೂರಕ್ಕೆ ಸುಮಾರು ೫೭ ಪಾಲು ಕ್ಲೋರಿನ್. ನಾವು ಊಟದಲ್ಲಿ ಬಡಿಸಿಕೊಳ್ಳುವ ಉಪ್ಪಿನಿಂದ ತೆಗೆಯುವ ವಸ್ತುವೇ ಅದು. ಈ ಕ್ಲೋರಿನ್ನಿನ ದೆಸೆಯಿಂದ ಪಿ.ವಿ.ಸಿ.ಗೆ ಉರಿಯುವುದರಲ್ಲಿ ಮನಸ್ಸಿಲ್ಲ. ಆದರೆ ತಂತಿಯು ಬಳುಕಬೇಕಲ್ಲವೆ? ಅದಕ್ಕಾಗಿ ಎಣ್ಣೆಯಂತಹ ದ್ರವಗಳನ್ನು ಬೆರಸಿ ಮೆತುಮಾಡುತ್ತಾರೆ. ಆ ಬೆರಕೆಯು ಉರಿಯುವ ಮನಸ್ಸನ್ನು ಮತ್ತೆ ತಂದುಕೊಡುತ್ತದೆ. ಉರಿದಾಗ ಕ್ಲೋರಿನ್ನು ಹೈಡ್ರೊಜನ್ ಕ್ಲೋರೈಡ್ ಎಂಬ ಅನಿಲವಾಗಿ ಹೊರಬೀಳುತ್ತದೆ. ಅದು ನೀರಿನ ಪಸೆಯನ್ನು ಕಂಡೊಡನೆ ಲವಣಾಮ್ಲವಾಗುತ್ತದೆ. ಕಣ್ಣು, ಮೂಗು, ಗಂಟಲುಗಳಲ್ಲಿ ಪಸೆಗೆ ಕೊರತೆಯಿಲ್ಲವಷ್ಟೆ. ಇನ್ನು ಬೀದಿಯ ಕರಿಯ ಕೇಬಲ್ಲಿನ ಹೊದಿಕೆ ಪಾಲಿಥೀನ್. ಮಳೆ ಬಿಸಿಲುಗಳಿಗೆ ಅದು ಜಗ್ಗದು. ಆದರೆ ಅದರ ಕುಲವನ್ನು ವಿಚಾರಿಸಿದರೆ ಮೇಣದಬತ್ತಿಗೆ ಅದು ಜ್ಞಾತಿ. ಎರಡೂ ಇಂಗಾಲ ಜಲಜನಕಗಳ ಸರಪಳಿಗಳೇ, ಪಾಲಿಥೀನಿನ ಸರಪಳಿ ಬಹಳ ಉದ್ದವೆಂಬುದೊಂದೇ ಭೇದ. ಹೊತ್ತಿದರೆ ಮೇಣದಂತೆಯೇ ಉರಿಯುತ್ತದೆ, ಉರಿಯುವ ಹನಿಗಳನ್ನು ಕೆಳಕ್ಕೆ ಉದುರಿಸುತ್ತದೆ.

ಈ ಉರಿಯುವ ಮನಸ್ಸನ್ನು ಅಳೆಯುವುದಕ್ಕೆ ಒಂದು ಅಂದವಾದ ಉಪಾಯವಿದೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕವು ನೂರಕ್ಕೆ ೨೧ ಪಾಲು. ಗಾಜಿನ ಕೊಳವೆಯೊಳಗೆ ಆಮ್ಲಜನಕವನ್ನು ಹೆಚ್ಚುಕಡಮೆ ಮಾಡುತ್ತ, ಒಂದು ಪದಾರ್ಥವು ತಾನಾಗಿ ಉರಿಯುತ್ತಿರಲು ಎಷ್ಟು ಪಾಲು ಬೇಕೆಂಬುದನ್ನು ಕಂಡುಹಿಡಿಯುತ್ತಾರೆ. ಪಾಲಿಥೀನಿಗೆ ೧೭, ೧೮ ಸಾಕು. ಎಂದರೆ ನಮ್ಮ ಗಾಳಿಯು ಅದಕ್ಕೆ ಹಬ್ಬದೂಟ. ಎಫ್.ಆರ್. ಎಂದು ಹೆಸರು ಪಡೆಯುವ ಪಿ.ವಿ.ಸಿ.ಗೆ ಕಡಮೆಯೆಂದರೆ ೨೯ ಬೇಕು. ಗುತ್ತಿಗೆದಾರರ ಬೆಂಕಿಕಡ್ಡಿಯ ಪರೀಕ್ಷೆಯಲ್ಲಿ ತಂತಿಯು ನಂದಿದುದರ ರಹಸ್ಯವಿಷ್ಟೆ: ೨೯ ಬೇಡುವವನಿಗೆ ೨೧ ಬಡಿಸಿದರೆ ಅವನು ಎಲೆಯ ಮುಂದಿನಿಂದ ಎದ್ದುಹೋಗುತ್ತಾನೆ. ಆದರೆ ಈ ಲೆಕ್ಕವು ತಣ್ಣಗಿರುವ ತಂತಿಗೆ. ಕಾಯುತ್ತ ಹೋದಂತೆಲ್ಲ ಪದಾರ್ಥದ ಬೇಡಿಕೆ ಇಳಿಯುತ್ತದೆ. ಬೇಡಿಕೆಯು ೨೧ಕ್ಕೆ ಇಳಿಯುವ ಶಾಖವನ್ನೂ ಅಳೆದು ಗುರುತುಮಾಡುತ್ತಾರೆ. ಎಫ್.ಆರ್. ತಂತಿಗೆ ಅದು ೨೫೦ ಸೆಂಟಿಗ್ರೇಡ್ ಡಿಗ್ರಿಗಿಂತ ಕೆಳಗಿರಬಾರದೆಂಬುದು ನಿಯಮ. ಹೊತ್ತಿ ಉರಿಯುವ ಕೊಠಡಿಯಲ್ಲಿ ೨೫೦ ಡಿಗ್ರಿಯನ್ನು ದಾಟುವುದು ದೊಡ್ಡ ಮಾತಲ್ಲ. ಅದನ್ನು ದಾಟಿದ ಮೇಲೆ “ಸುಡುವುದೇ ಇಲ್ಲ” ಎಂಬ ತಂತಿಯೂ ಸುಡುತ್ತದೆ.

ಎರಡನೆಯ ವಿಷಯವು ಅಡಿಗೆಮನೆಯಲ್ಲಿ ಸೌದೆಯೊಲೆಯನ್ನು ಉರಿಸಿದ ಸೋದರಿಯರಿಗೆ ನಮಗಿಂತ ಚೆನ್ನಾಗಿ ಗೊತ್ತಿದೆ. ಒಂಟಿ ಕೊಳ್ಳಿಯನ್ನು ಒಲೆಗಿಟ್ಟರೆ ಅದು ಹೊಗೆಯಾಡಿ ಆರುತ್ತದೆ. ಎರಡು ಮೂರನ್ನು ಒಂದಕ್ಕೊಂದು ತಾಗಿಸಿಟ್ಟರೆ ಒಂದರ ಕಾವು ಇನ್ನೊಂದಕ್ಕೆ ತಗಲಿ ಧಗಧಗನೆ ಉರಿಯುತ್ತವೆ. ತಂತಿಗಳೂ ಹಾಗೆಯೇ. ಅಂತರರಾಷ್ಟ್ರೀಯ ಪರೀಕ್ಷೆಗಳಲ್ಲಿ ಒಂದರಲ್ಲಿ ೬೦ ಸೆಂಟಿಮೀಟರಿನಷ್ಟು ಉದ್ದದ ಒಂದೇ ತಂತಿಯನ್ನು ನೆಟ್ಟಗೆ ನಿಲ್ಲಿಸಿ ಚಿಕ್ಕ ಜ್ವಾಲೆಯನ್ನು ತೋರಿಸುತ್ತಾರೆ. ಇನ್ನೊಂದರಲ್ಲಿ ಮೂರೂವರೆ ಮೀಟರಿನ ತಂತಿಗಳ ಕಂತೆಯನ್ನೇ ಏಣಿಗೆ ಕಟ್ಟಿ, ಕೆಳಗೆ ದೊಡ್ಡ ಉರಿಯನ್ನು ಹಚ್ಚಿ, ದರ್ಜೆಗೆ ತಕ್ಕಂತೆ ೨೦ ಅಥವಾ ೪೦ ನಿಮಿಷಗಳ ಕಾಲ ಬಿಡುತ್ತಾರೆ. ಕರಕಲು ಎರಡೂವರೆ ಮೀಟರಿಗಿಂತ ಮೇಲೇರಕೂಡದು. ಮೊದಲನೆಯದರಲ್ಲಿ ಉತ್ತೀರ್ಣವಾದ ತಂತಿಯು ಎರಡನೆಯದರಲ್ಲಿ ಅನುತ್ತೀರ್ಣವಾಗುವುದುಂಟು. ಬೆಂಕಿಕಡ್ಡಿಯ ಪರೀಕ್ಷೆ ಈ ಮೊದಲನೆಯದಕ್ಕೂ ಸಮನಲ್ಲ. ಶಾಲೆಯ ಹುಸಿಸೂರಿನ ಮೇಲೆ ಹಾಕತಕ್ಕದ್ದಾದರೋ ಒಂದು ತಂತಿಯಲ್ಲ, ಹೆಬ್ಬಾವಿನಂತಹ ಕಂತೆ.

ಆದರೆ ಜ್ವಾಲೆಯ ವಿಚಾರವು ಇಲ್ಲಿ ಅರ್ಧವೇ. ಕಟ್ಟಡಗಳ ಬೆಂಕಿಯಲ್ಲಿ ಸಾಯುವವರಲ್ಲಿ ಅನೇಕರನ್ನು ಜ್ವಾಲೆಯು ಮುಟ್ಟಿರುವುದೇ ಇಲ್ಲ. ಅವರನ್ನು ಕೊಲ್ಲುವುದು ಹೊಗೆ. ಕಣ್ಣು ಕಾಣದೆ ಮೆಟ್ಟಿಲು ಯಾವ ಕಡೆಗೆಂದು ತಿಳಿಯದೆ, ತಿಳಿದರೂ ಉಸಿರು ನಡೆಯದೆ ಬೀಳುತ್ತಾರೆ. ಎಫ್.ಆರ್. ಎಂಬ ಎರಡಕ್ಷರಗಳು ಹೊಗೆಯನ್ನು ಕುರಿತು ಮೌನವಾಗಿವೆ. ಅದಕ್ಕಾಗಿ ಎಫ್.ಆರ್.ಎಲ್.ಎಸ್.ಎಚ್. ಎಂಬ ಇನ್ನೊಂದು ದರ್ಜೆಯುಂಟು. ನಮ್ಮ ದೇಶದ ಐ.ಎಸ್. ೬೯೪ ಎಂಬ ನಿಯಮದ ೨೦೧೦ನೆಯ ಇಸವಿಯ ಆವೃತ್ತಿಯು ಈ ಎರಡು ದರ್ಜೆಗಳನ್ನೂ ಹೇಳುತ್ತದೆ. ಎರಡನೆಯ ದರ್ಜೆಯ ತಂತಿಯು ಹೊಗೆಯನ್ನು ಕಡಮೆ ಕೊಡಬೇಕು. ಹೊರಬೀಳುವ ಆಮ್ಲದ ಅನಿಲವು ಪದಾರ್ಥದ ತೂಕದಲ್ಲಿ ನೂರಕ್ಕೆ ೨೦ನ್ನು ಮೀರಕೂಡದು. ೨೦ ಎಂಬುದೂ ಅಲ್ಪವಲ್ಲ. ಆದುದರಿಂದ ಕ್ಲೋರಿನ್ನು ಮೊದಲಾದ ಹ್ಯಾಲೊಜೆನ್ನುಗಳನ್ನೇ ಬಿಟ್ಟು ಮಾಡಿದ ಎಚ್.ಎಫ್.ಎಫ್.ಆರ್. ಎಂಬ ತಂತಿಗಳು ಬಂದಿವೆ, ಇವುಗಳಿಗಾಗಿ ಐ.ಎಸ್. ೧೭೦೪೮ ಎಂಬ ಬೇರೆ ನಿಯಮವು ೨೦೧೮ರಲ್ಲಿ ಹೊರಟಿತು. ಹೊಗೆಯನ್ನು ಅಳೆಯುವ ಒಂದು ಅಂತರರಾಷ್ಟ್ರೀಯ ಕ್ರಮದಲ್ಲಿ ಮೂರು ಮೀಟರು ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಕೋಣೆಯನ್ನು ಮುಚ್ಚಿ, ಒಳಗೆ ಮದ್ಯಸಾರದ ಬೆಂಕಿಯ ಮೇಲೆ ಕೇಬಲ್ಲನ್ನು ಸುಟ್ಟು, ಒಂದು ಗೋಡೆಯಿಂದ ಇನ್ನೊಂದಕ್ಕೆ ದೀಪದ ಕಿರಣವನ್ನು ಹಾಯಿಸುತ್ತಾರೆ. ನೂರರಲ್ಲಿ ೬೦ ಪಾಲಾದರೂ ಬೆಳಕು ಆಚೆಗೆ ಮುಟ್ಟಬೇಕು. ಮೆಟ್ಟಿಲನ್ನು ಕಾಣುವಷ್ಟು ಬೆಳಕು ಉಳಿಯಬೇಕೆಂಬುದೇ ಇದರ ತಾತ್ಪರ್ಯ.

ಈ ಹ್ಯಾಲೊಜೆನ್ನಿಲ್ಲದ ಹೊದಿಕೆಯ ಗುಟ್ಟನ್ನು ಕೇಳಿ ನಮಗೆ ಬಹಳ ಸಂತೋಷವಾಯಿತು. ಅದರಲ್ಲಿ ಅಲ್ಯೂಮಿನಿಯಮ್ ಹೈಡ್ರಾಕ್ಸೈಡಿನಂತಹ ಬಿಳಿಯ ಪುಡಿಯನ್ನು ಧಾರಾಳವಾಗಿ ಬೆರಸಿರುತ್ತಾರೆ. ಸುಮಾರು ೨೦೦ ಡಿಗ್ರಿಗೆ ಕಾದಾಗ ಆ ಪುಡಿಯು ಒಡೆದು ತನ್ನೊಳಗಿನ ನೀರನ್ನು ಆವಿಯಾಗಿ ಬಿಡುತ್ತದೆ. ಪುಡಿಯ ತೂಕದಲ್ಲಿ ಮೂರನೆಯ ಒಂದು ಪಾಲು ಹೀಗೆ ನೀರಾಗಿ ಹೊರಡುತ್ತದೆ. ತಾರ್ಕಿಕರ ಮತದಲ್ಲಿ ಸೌದೆಯ ಹಸಿಯು ಹೊಗೆಗೆ ಕಾರಣ. ಇಲ್ಲಿಯಾದರೋ ಸೌದೆಯೊಳಗೆ ಬಚ್ಚಿಟ್ಟ ನೀರೇ ಉರಿಯನ್ನೂ ಹೊಗೆಯನ್ನೂ ತಗ್ಗಿಸುತ್ತದೆ. ಪೂರ್ವಿಕರಿಗೆ ಇದು ತಿಳಿದಿದ್ದರೆ ಈ ಒಂದು ವಿಷಯದ ಮೇಲೆಯೇ ಮೂರು ಟೀಕೆಗಳೂ ಒಂದು ಖಂಡನಗ್ರಂಥವೂ ಹುಟ್ಟುತ್ತಿದ್ದುವು.

ಇನ್ನೊಂದು ತೊಡಕನ್ನು ಹೇಳದೆ ಬಿಡಬಾರದು. ಎಫ್.ಆರ್. ಎಂಬ ಅಕ್ಷರಗಳನ್ನು ಕೆಲವರು ಜ್ವಾಲೆಯನ್ನು ತಡೆಯುವ ತಂತಿಯೆಂಬ ಅರ್ಥದಲ್ಲಿಯೂ, ಕೆಲವರು ಬೆಂಕಿಯ ನಡುವೆಯೂ ಕೆಲಸಮಾಡುವ ತಂತಿಯೆಂಬ ಅರ್ಥದಲ್ಲಿಯೂ ಬಳಸುತ್ತಾರೆ. ಕಾವ್ಯದಲ್ಲಿ ಶ್ಲೇಷವು ಅಲಂಕಾರ. ತಂತಿಯ ಮೇಲೆ ಅದು ದೋಷ. ಮೊದಲನೆಯ ತಂತಿಯು ಬೆಂಕಿಗೆ ಹಾದಿಯಾಗಲಾರದು, ಆದರೆ ತಾನು ಕೆಟ್ಟುಹೋಗುತ್ತದೆ. ಎರಡನೆಯದು ಬೇರೆಯ ಜಾತಿ. ಅದರ ತಾಮ್ರದ ಸುತ್ತ ಕಾಗೆಬಂಗಾರವೆಂದು ನಾವು ಹುಡುಗತನದಲ್ಲಿ ಹೆಕ್ಕುತ್ತಿದ್ದ ಅಭ್ರಕದ ಪಟ್ಟಿಯನ್ನು ಸುತ್ತಿರುತ್ತಾರೆ. ಮೇಲಣ ಹೊದಿಕೆಯೆಲ್ಲ ಬೂದಿಯಾದರೂ ಅಭ್ರಕವು ನಿಂತು ವಿದ್ಯುತ್ತನ್ನು ಕಾಯುತ್ತದೆ. ಬ್ರಿಟಿಷರ ನಿಯಮದ ಕಠಿನವಾದ ದರ್ಜೆಯೊಂದರಲ್ಲಿ ೯೫೦ ಡಿಗ್ರಿಯ ಜ್ವಾಲೆಯಲ್ಲಿ ೩ ಗಂಟೆಗಳ ಕಾಲ ಅದು ಕೆಲಸಮಾಡಬೇಕು. ಅಪಾಯದ ಗಂಟೆ, ಮೆಟ್ಟಿಲ ಮೇಲಣ ತುರ್ತುದೀಪ, ಬೆಂಕಿಯಾರಿಸುವ ನೀರಿನ ಪಂಪು, ಇವುಗಳಿಗೆ ಬೇಕಾದುದು ಈ ತಂತಿಯೇ. ಮನೆಯ ಪಂಕಕ್ಕೆ ಬೇಡ.

ಬೇರೆ ದೇಶದವರು ಈ ಗುಣಗಳನ್ನು ಬೇರೆ ಬೇರೆ ರೀತಿಯಲ್ಲಿ ವಿಂಗಡಿಸಿದ್ದಾರೆ. ಅಮೆರಿಕದವರು ತಂತಿಯು ಇರುವ ಸ್ಥಳವನ್ನು ನೋಡುತ್ತಾರೆ: ಕೊಠಡಿಯ ಗಾಳಿಯು ಓಡಾಡುವ ಹುಸಿಸೂರಿನ ಮೇಲಿನದಕ್ಕೆ ಅತಿ ಕಠಿನವಾದ ಪರೀಕ್ಷೆ, ಮಹಡಿಯಿಂದ ಮಹಡಿಗೆ ಏರುವುದಕ್ಕೆ ಅದಕ್ಕಿಂತ ಸಡಿಲವಾದುದು. ಬೀದಿಯ ಕೇಬಲ್ಲು ದರ್ಜೆಯಿಲ್ಲದೆ ಕಟ್ಟಡದೊಳಕ್ಕೆ ೫೦ ಅಡಿಗಿಂತ ಹೆಚ್ಚು ಬರಕೂಡದೆಂದು ಅವರ ಸಾಮಾನ್ಯ ನಿಯಮ. ಯೂರೋಪಿನವರು ೨೦೧೭ರ ಜುಲೈ ೧ರಿಂದ ಕಟ್ಟಡದ ಕೇಬಲ್ಲುಗಳಿಗೆ ಏಳು ದರ್ಜೆಗಳನ್ನು ಕಡ್ಡಾಯವಾಗಿ ಹೇಳುತ್ತಾರೆ. ಹೊಗೆಗೆ, ಉರಿಯುವ ಹನಿಗೆ, ಆಮ್ಲಕ್ಕೆ ಪ್ರತ್ಯೇಕವಾದ ಗುರುತುಗಳೂ ಇವೆ.

ದರ್ಜೆಗಳಿಗೆಲ್ಲ ಹಿಂದೆ ಒಂದೊಂದು ಕಥೆಯುಂಟು. ೧೯೭೫ನೆಯ ಇಸವಿಯ ಫೆಬ್ರವರಿ ೨೭ರಂದು ನ್ಯೂಯಾರ್ಕಿನ ದೂರವಾಣಿಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಕೇಬಲ್ಲುಗಳು ಹೊತ್ತಿ ಸುಮಾರು ೧,೭೦,೦೦೦ ದೂರವಾಣಿಗಳು ಮೂಕವಾದುವು. ಆ ಹೊಗೆಯನ್ನು ಕುಡಿದ ಅಗ್ನಿಶಾಮಕರಲ್ಲಿ ಹಲವರು ಮುಂದೆ ರೋಗಿಗಳಾದರು. ಇದಾಗಿ ತಿಂಗಳು ತುಂಬುವುದಕ್ಕೆ ಮುಂಚೆ, ಮಾರ್ಚಿ ೨೨ರಂದು, ಅಲಬಾಮಾ ಪ್ರಾಂತದ ಬ್ರೌನ್ಸ್ ಫೆರಿ ಎಂಬ ಪರಮಾಣು ವಿದ್ಯುದಾಗಾರದಲ್ಲಿ ಇನ್ನೂ ವಿಚಿತ್ರವಾದುದು ನಡೆಯಿತು. ಕೇಬಲ್ಲುಗಳು ಗೋಡೆಯನ್ನು ತೂರಿಹೋಗುವ ಕಂಡಿಗಳನ್ನು ಕೆಲಸಗಾರರು ನೊರೆಯಂತಹ ಮೆತ್ತನೆಯ ಪದಾರ್ಥದಿಂದ ಮುಚ್ಚುತ್ತಿದ್ದರು. ಗಾಳಿ ಇನ್ನೂ ನುಸುಳುತ್ತಿದೆಯೆ ಎಂದು ನೋಡುವುದಕ್ಕೆ ಅವರು ಹಿಡಿದುದು ಮೇಣದಬತ್ತಿ. ಗಾಳಿಯ ಸೆಳವಿಗೆ ಕುಡಿಯು ಬಾಗಿ ಆ ನೊರೆಯನ್ನು ಮುಟ್ಟಿತು. ನೊರೆಯಿಂದ ಕೇಬಲ್ಲಿಗೆ, ಕೇಬಲ್ಲಿನಿಂದ ಗೋಡೆಯಾಚೆಗೆ ಬೆಂಕಿಯು ನಡೆದು, ಸುಮಾರು ೭ ಗಂಟೆಗಳ ಕಾಲ ಉರಿದು, ೧,೬೦೦ಕ್ಕೂ ಹೆಚ್ಚು ಕೇಬಲ್ಲುಗಳನ್ನು ಕೆಡಿಸಿತು. ಪರಮಾಣುವಿನ ಶಕ್ತಿಯನ್ನು ಕಟ್ಟಿಹಾಕಿದ್ದ ಮಹಾಯಂತ್ರದ ಅಂಕುಶಗಳು ಒಂದೊಂದಾಗಿ ಕೈಬಿಟ್ಟುವು. ಪುಣ್ಯವಶಾತ್ ಯಾರೂ ಸಾಯಲಿಲ್ಲ. ಅಲ್ಲಿಂದ ಮುಂದೆ ಅಮೆರಿಕದಲ್ಲಿ ಇಂತಹ ಆಗಾರಗಳ ಕೇಬಲ್ಲುಗಳಿಗೂ ಕಂಡಿಗಳಿಗೂ ಬಿಗಿಯಾದ ನಿಯಮಗಳು ಬಂದುವು. ಇದರಲ್ಲಿ ನಾವು ಗಮನಿಸತಕ್ಕದ್ದು ಮೇಣದಬತ್ತಿಯನ್ನಲ್ಲ, ಕಂಡಿಯನ್ನು. ತಂತಿಯು ಎಷ್ಟೇ ಉತ್ತಮವಾಗಿರಲಿ, ಅದು ಹಾದುಹೋಗುವ ತೂತನ್ನು ಮುಚ್ಚದಿದ್ದರೆ, ಅಥವಾ ಉರಿಯುವ ಪದಾರ್ಥದಿಂದ ಮುಚ್ಚಿದರೆ, ಆ ತೂತೇ ಕೃಷ್ಣವರ್ತ್ಮನ ಹಾದಿ.

ದೂರದ ಕಥೆಯೇ ಬೇಕಾಗಿಲ್ಲ. ೨೦೧೦ನೆಯ ಇಸವಿಯ ಫೆಬ್ರವರಿ ೨೩ರಂದು ನಮ್ಮ ಬೆಂಗಳೂರಿನಲ್ಲಿಯೇ, ಹಳೆಯ ವಿಮಾನನಿಲ್ದಾಣದ ರಸ್ತೆಯ ಕಾರ್ಲ್ಟನ್ ಟವರ್ಸ್ ಎಂಬ ಕಟ್ಟಡದಲ್ಲಿ, ವಿದ್ಯುತ್ತಿನ ತಂತಿಗಳು ಮೇಲೇರುವ ನಾಳದಲ್ಲಿ ಬೆಂಕಿ ಕಾಣಿಸಿಕೊಂಡಿತು. ಹೊಗೆಯು ಮಹಡಿಗಳನ್ನೆಲ್ಲ ತುಂಬಿತು. ಮೆಟ್ಟಿಲಿನಿಂದ ಇಳಿಯಲಾರದೆ ಕಿಟಕಿಗಳ ಗಾಜನ್ನೊಡೆದು ಉಸಿರಿಗಾಗಿ ಬಾಯ್ದೆರೆದು ನಿಂತವರನ್ನು ಊರೆಲ್ಲ ಕಂಡಿತು. ಕೆಲವರು ಅಲ್ಲಿಂದ ಕೆಳಕ್ಕೆ ಧುಮುಕಿದರು. ಒಟ್ಟು ೯ ಮಂದಿ ತೀರಿಹೋದರು. ಅವರೆಲ್ಲರೂ ಬೆಳಿಗ್ಗೆ ಊಟದ ಡಬ್ಬಿಯನ್ನು ಹಿಡಿದು ಕೆಲಸಕ್ಕೆಂದು, ವ್ಯವಹಾರಕ್ಕೆಂದು ಮನೆಯಿಂದ ಹೊರಟವರು. ಸತ್ತವರ ಬಂಧುಗಳು ಮುಂದೆ ‘ಬಿಯಾಂಡ್ ಕಾರ್ಲ್ಟನ್’ ಎಂಬ ಸಂಘವನ್ನು ಕಟ್ಟಿಕೊಂಡು ಅಗ್ನಿಸುರಕ್ಷತೆಗಾಗಿ ದುಡಿಯುತ್ತ ಬಂದಿದ್ದಾರೆ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ತಂತಿಗಳಿಗೆ ಪ್ರತ್ಯೇಕವಾದ ನಾಳವಿರಬೇಕು, ಪ್ರತಿಯೊಂದು ಅಂತಸ್ತಿನಲ್ಲಿಯೂ ಅದನ್ನು ಬೆಂಕಿಗೆ ಜಗ್ಗದ ಪದಾರ್ಥದಿಂದ ಮುಚ್ಚಬೇಕು ಎಂದು ಸ್ಪಷ್ಟವಾಗಿ ಹೇಳುತ್ತದೆ. ಸಂಹಿತೆಯನ್ನು ಓದುವವರು ಯಾರು ಎಂಬುದು ಬೇರೆ ಮಾತು.

ಮುಂದಿನ ಸಭೆಗೆ ನಾವು ಇವಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆವು. ವಿದ್ಯುತ್ ಇಂಜಿನಿಯರಾಗಿರುವ ನಮ್ಮ ಹಳೆಯ ಶಿಷ್ಯರೊಬ್ಬರು ಅದನ್ನು ನೋಡಿ ತಿದ್ದಿಕೊಟ್ಟಿದ್ದರು. ಒಂದು ಕಾಲದಲ್ಲಿ ಅವರ ಸಂಧಿಗಳನ್ನು ನಾವು ತಿದ್ದಿದ್ದಕ್ಕೆ ಈಗ ಬಡ್ಡಿ ಬಂದಿತು. ಗುತ್ತಿಗೆದಾರರಿಗೆ ಕೋಪ ಬಂದಿತು. ಇಷ್ಟು ವರುಷಗಳಿಂದ ಎಷ್ಟೋ ಕಟ್ಟಡಗಳಿಗೆ ಇದೇ ತಂತಿಯನ್ನು ಎಳೆದಿದ್ದೇವೆ, ಯಾವುದೂ ಸುಟ್ಟಿಲ್ಲ ಎಂದರು. ಸಮಿತಿಯ ಒಬ್ಬ ಮಹನೀಯರು ಮೇಷ್ಟ್ರಿಗೆ ಕೆಲಸವಿಲ್ಲ ಎಂದು ಪಕ್ಕದವರಿಗೆ ಹೇಳಿದುದು ನಮಗೂ ಕೇಳಿಸಿತು. ನಾವು ಕೇಳಿದುದು ಮೂರು ಪ್ರಶ್ನೆಗಳನ್ನು: ಹುಸಿಸೂರಿನ ಮೇಲಣ ಕಂತೆಗೆ ಬೆಂಕಿ ತಗಲಿದರೆ ಮೆಟ್ಟಿಲ ತಲೆಯಲ್ಲಿ ಎಷ್ಟು ಹೊಗೆ ನಿಲ್ಲುತ್ತದೆ? ಕೆಳಗಿನ ಅಂತಸ್ತಿನಿಂದ ತಂತಿಗಳು ಏರುವ ತೂತನ್ನು ಏನಿಂದ ಮುಚ್ಚಿದ್ದೀರಿ? ೪೦ ಮಕ್ಕಳು ಒಂದೇ ಮೆಟ್ಟಿಲಿನಲ್ಲಿ ಇಳಿಯಲು ಎಷ್ಟು ಹೊತ್ತು ಬೇಕು? ಮೂರನೆಯದಕ್ಕೆ ಮುಖ್ಯೋಪಾಧ್ಯಾಯಿನಿಯವರೇ ಎದ್ದು, ನಾಳೆ ಇಳಿಸಿ ನೋಡುತ್ತೇನೆ ಎಂದರು. ನೋಡಿದರು. ಯಾವ ಹೊಗೆಯೂ ಇಲ್ಲದ ಹಗಲಿನಲ್ಲಿಯೇ ಮೆಟ್ಟಿಲ ತಿರುವಿನಲ್ಲಿ ಮಕ್ಕಳು ಒತ್ತಾಗಿ ನಿಂತುಬಿಟ್ಟರು. ಚಿಕ್ಕ ಹುಡುಗಿಯೊಬ್ಬಳು ಮುಗ್ಗರಿಸಿ ಬಿದ್ದಳು. ಆ ಬಳಿಕ ಯಾರೂ ನಗಲಿಲ್ಲ.

ಕರಿಯ ಕೇಬಲ್ಲು ಅಂಗಡಿಗೆ ಹಿಂದಿರುಗಿತು. ಹುಸಿಸೂರಿನ ಮೇಲೆ ಹ್ಯಾಲೊಜೆನ್ನಿಲ್ಲದ ಹೊದಿಕೆಯ ಕೇಬಲ್ಲುಗಳೇ ಹೋದುವು. ಇದಕ್ಕೆ ಹೆಚ್ಚಾಗಿ ತಗಲಿದ ಹಣವು ಹೊರಗೋಡೆಯ ಬಣ್ಣಕ್ಕೆ ತಗಲಿದುದಕ್ಕಿಂತ ಕಡಮೆಯೆಂದು ಲೆಕ್ಕವನ್ನು ನೋಡಿದ ಮೇಲೆ ತಿಳಿಯಿತು. ತೂತಿಗೆ ಮೊದಲು ತುರುಕಿದ್ದುದು ಸಿಮೆಂಟಿನ ಚೀಲದ ಕಾಗದ. ಅದನ್ನು ಕಿತ್ತು ಬೆಂಕಿಗೆ ಊದಿಕೊಂಡು ಕಂಡಿಯನ್ನು ತುಂಬುವ ಒಂದು ಬಗೆಯ ಮೆತ್ತೆಯಿಂದ ಮುಚ್ಚಿದರು. ಈ ಕೆಲಸವನ್ನು ಬಹಳ ಅಚ್ಚುಕಟ್ಟಾಗಿ ಮಾಡಿದವನು ಗುತ್ತಿಗೆದಾರರ ಕೈಕೆಳಗಿನ ಒಬ್ಬ ತರುಣ.

ಮನೆಯನ್ನು ಕಟ್ಟಿಸುವವರೂ ಹಳೆಯ ತಂತಿಯನ್ನು ಬದಲಾಯಿಸುವವರೂ ನಮ್ಮನ್ನು ಕೇಳಿದರೆ ನಾವು ಹೇಳುವುದು ಇಷ್ಟೆ. ಪೆಟ್ಟಿಗೆಯ ಮೇಲೆ ಅಚ್ಚುಮಾಡಿದ ಜ್ವಾಲೆಯ ಚಿತ್ರವನ್ನು ನಂಬದೆ ತಂತಿಯ ಮೈಯನ್ನೇ ಓದಬೇಕು. ಐ.ಎಸ್.ಐ. ಮುದ್ರೆ, ಅದರೊಡನೆ ಪರವಾನಗಿಯ ಅಂಕೆ ಇರಬೇಕು. ಆ ಅಂಕೆಯು ನಿಜವೋ ಸುಳ್ಳೋ ಎಂಬುದನ್ನು ಮಾನಕ ಸಂಸ್ಥೆಯ ‘ಬಿ.ಐ.ಎಸ್. ಕೇರ್’ ಎಂಬ ಸಾಧನದಿಂದ ಕೈಯಲ್ಲಿರುವ ದೂರವಾಣಿಯಲ್ಲಿಯೇ ನೋಡಬಹುದು. ಮಲಗುವ ಕೋಣೆ, ಮೆಟ್ಟಿಲು, ಮುದುಕರೂ ಮಕ್ಕಳೂ ಇರುವ ಜಾಗ, ಇವುಗಳಲ್ಲಿ ಹೊಗೆ ಕಡಮೆಯಾದ ದರ್ಜೆಯನ್ನೇ ಕೇಳಬೇಕು. ಗಂಟೆಯ ತಂತಿ, ಕ್ಯಾಮೆರಾದ ತಂತಿಗಳೆಂದು ಅಲಕ್ಷ್ಯ ಮಾಡಬಾರದು. ಇನ್ನು ತಂತಿಗೆ ತಕ್ಕ ಭಾರವನ್ನೇ ಹೊರಿಸುವುದು, ಹೆಚ್ಚಾದಾಗ ತಾನಾಗಿ ಕಡಿಯುವ 'ಎಂ.ಸಿ.ಬಿ.'ಯನ್ನು ಇಡುವುದು, ಇವು ಬೆಂಕಿ ಹುಟ್ಟದಂತೆ ನೋಡುವ ಕ್ರಮಗಳು. ದರ್ಜೆಯಾದರೋ ಹುಟ್ಟಿದ ಮೇಲೆ ನಮಗೆ ಓಡಲು ದೊರೆಯುವ ಸಮಯ.

ಶಾಲೆಗೆ ಎರಡನೆಯ ಮೆಟ್ಟಿಲು ಇನ್ನೂ ಆಗಿಲ್ಲ. ಹಿಂದಣ ಗೋಡೆಗೆ ಕಬ್ಬಿಣದ ಮೆಟ್ಟಿಲನ್ನು ಕೂಡಿಸುವ ಅಂದಾಜುಪಟ್ಟಿಯು ಸಮಿತಿಯ ಮುಂದಿದೆ. ಹಣವು ಅರ್ಧ ಕೂಡಿದೆ. ಅದಾಗುವವರೆಗೆ ಮೇಲಿನ ಕೊಠಡಿಗೆ ಒಂದು ಸಲಕ್ಕೆ ೨೦ ಮಕ್ಕಳನ್ನು ಮಾತ್ರ ಕಳುಹಿಸತಕ್ಕದ್ದೆಂದು ಮುಖ್ಯೋಪಾಧ್ಯಾಯಿನಿಯವರು ಬಾಗಿಲ ಮೇಲೆ ಬರೆಯಿಸಿದ್ದಾರೆ. ಕಿಟಕಿಗಳಲ್ಲಿ ಒಂದರ ಸರಳನ್ನು ತೆಗೆದು, ಒಳಗಿನಿಂದ ಕೀಲಿಕೈಯಿಲ್ಲದೆ ತೆರೆಯುವ ಕದವನ್ನು ಹಾಕಿಸಿಯಾಯಿತು. ಮುಂದಿನ ಸಭೆ ಈ ತಿಂಗಳ ಕೊನೆಯ ಶನಿವಾರ.